ಕೂಡುವುದಿಲ್ಲ ಎಂಬ ವರದಿ

ನಮ್ಮ ವಿಭಾಗದಲ್ಲಿ ಒಂದು ಸುಳ್ಳಿಗೆ ಮುದ್ರೆ ಒತ್ತುವ ಕೆಲಸ ನನ್ನದಾಗಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯೇನೂ ಆಗುತ್ತಿಲ್ಲ. ಸಿಟ್ಟು ಬರುತ್ತದೆ, ಈಗಲೂ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವರಿಗೆ ಇಂಥದ್ದೇನೂ ಆಗಿರಲಿಕ್ಕಿಲ್ಲ.

ಅದು ಎಂಬತ್ತರ ದಶಕದ ಶುರು. ಕೊಪ್ಪದಲ್ಲಿ ಓದು ಮುಗಿಸಿ, ಲ್ಯಾಬ್ ಟೆಕ್ನಿಷಿಯನ್ ತರಬೇತಿ ಪಡೆದು, ದೂರದ ನಗರದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಿಡ್ನಿ ಕಸಿ ಮಾಡುವ ವಿಭಾಗ. ಒಬ್ಬರ ಕಿಡ್ನಿ ತೆಗೆದು ಇನ್ನೊಬ್ಬರ ಹೊಟ್ಟೆಯಲ್ಲಿ ಇಡುತ್ತಾರೆ ಎಂದರೆ ಆಗ ನಮ್ಮ ಕಡೆ ನಂಬುವವರೇ ಇರಲಿಲ್ಲ. ರಜೆಗೆ ಬಂದಾಗ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ನಿಲ್ಲಿಸಿ, "ಎಂತ ಮಾರಾಯ್ತಿ, ಅದನ್ನ ಬಾಟ್ಲಿಯಲ್ಲಿ ಹಾಕಿ ಇಟ್ಕೊಂಡಿರ್ತೀರಾ?" ಎಂದು ಕೇಳಿದ್ದರು. ಬಾಟ್ಲಿಯೂ ಇಲ್ಲ, ಡಬ್ಬಿಯೂ ಇಲ್ಲ. ಅಕ್ಕಪಕ್ಕದ ಎರಡು ಆಪರೇಷನ್ ಕೋಣೆ. ಈ ಕೋಣೆಯಲ್ಲಿ ತೆಗೆದದ್ದು ಆ ಕೋಣೆಗೆ ಹೋಗಬೇಕು, ಅದೂ ತಡಮಾಡದೆ.

ಅದಕ್ಕೂ ಮೊದಲಿನ ಕೆಲಸ ನಮ್ಮ ಲ್ಯಾಬಿನದು. ಕಿಡ್ನಿ ಕೊಡುವವರ ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡಿ, ಚಿಕ್ಕ ಚಿಕ್ಕ ಗುಳಿಗಳಿರುವ ತಟ್ಟೆಯಲ್ಲಿ ರೋಗಿಯ ರಕ್ತದ ತಿಳಿಯೊಂದಿಗೆ ಬೆರೆಸಿಡುತ್ತಿದ್ದೆವು. ಅದಕ್ಕೆ ಮೊಲದ ರಕ್ತದ ತಿಳಿ ಒಂದು ಹನಿ. ಈ ಒಂದು ಹನಿಗಾಗಿಯೇ ಲ್ಯಾಬಿನ ಹಿಂದೆ ಗೂಡು ಕಟ್ಟಿ ಮೊಲ ಸಾಕಿದ್ದರು. ಕೊನೆಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಿಯ ಮೈ ಒಪ್ಪದಿದ್ದರೆ ಆ ಕಣಗಳು ಸಾಯುತ್ತವೆ, ಸತ್ತವು ಬಣ್ಣ ಹೀರಿ ಕಪ್ಪಾಗಿ ಊದಿಕೊಳ್ಳುತ್ತವೆ. ಬದುಕಿದವು ಬಣ್ಣ ಹಿಡಿಯದೆ ಫಳಫಳ ಹೊಳೆಯುತ್ತವೆ. ಹೊಳೆದರೆ 'ಕೂಡುತ್ತದೆ', ಕಪ್ಪಾದರೆ 'ಕೂಡುವುದಿಲ್ಲ'. ಅಷ್ಟು ಟೈಪ್ ಮಾಡಿ ಮುದ್ರೆ ಒತ್ತಿದರೆ ವರದಿ.

ಆದರೆ ವರದಿಗೆ ಮುಂಚೆ ಒಂದು ಕೋಣೆಯಿತ್ತು. ನಮ್ಮ ಪ್ರೊಫೆಸರರು ಕಿಡ್ನಿ ಕೊಡಲು ಬಂದವರನ್ನು ಆ ಕೋಣೆಗೆ ಒಬ್ಬರನ್ನೇ ಕರೆಯುತ್ತಿದ್ದರು. ಅಪ್ಪ ಅಮ್ಮ ಗಂಡ ಹೆಂಡತಿ ಯಾರೂ ಒಳಗೆ ಬರುವಂತಿಲ್ಲ. "ನಿಮಗೆ ನಿಜವಾಗಿಯೂ ಕೊಡುವ ಮನಸ್ಸಿದೆಯಾ?" ಎಂದು ಕೇಳುತ್ತಿದ್ದರು. 'ಹೌದು' ಎಂದು ಬಾಯಿಬಿಟ್ಟು ಹೇಳದವನು 'ಇಲ್ಲ' ಎಂದವನೇ ಎಂಬುದು ಅವರ ಲೆಕ್ಕ. ಹಾಗೆ ಹಿಂಜರಿದವರನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ. ಲ್ಯಾಬಿಗೆ ಒಂದು ಚೀಟಿ ಬರುತ್ತಿತ್ತು. ಕಣಗಳು ಎಷ್ಟೇ ಹೊಳೆಯಲಿ, ನಾನು 'ಕೂಡುವುದಿಲ್ಲ' ಎಂದು ಟೈಪ್ ಮಾಡುತ್ತಿದ್ದೆ. ಮನೆಯವರು ರಕ್ತವನ್ನು ಬೈದುಕೊಂಡು ಹೋಗುತ್ತಿದ್ದರು, ಮನುಷ್ಯನನ್ನು ಬೈಯುತ್ತಿರಲಿಲ್ಲ.

ಈ ಪದ್ಧತಿಯನ್ನು ನಾನು ಮೆಚ್ಚಿದ್ದೆ, ಸುಳ್ಳು ಹೇಳುವುದಿಲ್ಲ. ಪ್ರೊಫೆಸರರು ಹೊರರಾಜ್ಯದವರು, ನಮ್ಮ ಕಡೆಯ ಜನ ಬಂದರೆ ಮಾತು ತಿಳಿಸಲು ನನ್ನನ್ನೇ ಆ ಕೋಣೆಗೆ ಕರೆಯುತ್ತಿದ್ದರು. ಒಮ್ಮೆ ಮುತ್ತಿನಕೊಪ್ಪದ ಕಡೆಯಿಂದ ಒಂದು ಹುಡುಗಿಯನ್ನು ಅಣ್ಣನಿಗೆ ಕೊಡಿಸಲು ಕರೆತಂದಿದ್ದರು. ಮದುವೆ ಗೊತ್ತಾಗಿದ್ದ ಹುಡುಗಿ. ಬಾಗಿಲು ಹಾಕಿದ್ದೇ ನನ್ನ ಕೈ ಹಿಡಿದುಕೊಂಡು, "ಅಕ್ಕ, ನಂಗೆ ಹೆದ್ರಿಕೆ, ನಂಗೆ ಬೇಡ" ಎಂದಳು. ಅವತ್ತು ಆ ಸುಳ್ಳನ್ನು ಖುಷಿಯಿಂದಲೇ ಟೈಪ್ ಮಾಡಿದೆ. ಹೆಣ್ಣುಮಕ್ಕಳ ಪಾಲಿಗೆ ಈ ಪ್ರೊಫೆಸರರು ದೇವರು ಎಂದು ಅಮ್ಮನಿಗೆ ಕಾಗದವನ್ನೂ ಬರೆದೆ.

ಹೀಗಿರುವಾಗ ನನ್ನ ತಂಗಿಯ ಎರಡೂ ಕಿಡ್ನಿ ಕೆಟ್ಟವು.

ಅವಳು ಕಡಹಿನಬೈಲಿನ ಶಾಲೆಯಲ್ಲಿ ಟೀಚರ್. ನರಸಿಂಹರಾಜಪುರದಲ್ಲಿ ಬಾಡಿಗೆಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದಳು. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತದೆ, ತಿಂದದ್ದು ನಿಲ್ಲುವುದಿಲ್ಲ ಎಂದು ಅಮ್ಮನಿಗೆ ತಿಂಗಳುಗಟ್ಟಲೆ ಹೇಳಿದ್ದಾಳೆ. ಅಮ್ಮ ಕಷಾಯ ಮಾಡಿ ಕೊಟ್ಟಿದ್ದಾಳೆ. ನನ್ನ ಬಳಿ ಬರುವ ಹೊತ್ತಿಗೆ ರಕ್ತ ತೊಳೆಯುವ ಯಂತ್ರಕ್ಕೆ ವಾರಕ್ಕೆ ಎರಡು ಸಲ ಹಾಕಲೇಬೇಕಾದ ಸ್ಥಿತಿ. ಮುಂಗೈಯಲ್ಲಿ ಸಣ್ಣ ಕೊಳವೆ ಕೂರಿಸಿದರು. ಅಂಥದ್ದರಲ್ಲೂ ಅವಳ ಬಾಯಿ ನಿಲ್ಲಲಿಲ್ಲ. ನರ್ಸುಗಳು ಬರೆಯುವ ಚಾರ್ಟಿನಲ್ಲಿ ತಪ್ಪು ಹುಡುಕುತ್ತಿದ್ದಳು. "ಜೂನ್‌ಗೆ ಶಾಲೆ ಶುರು ಅಕ್ಕ, ಅಷ್ಟರೊಳಗೆ ಎಂತಾದ್ರೂ ಮಾಡ್ಸು" ಎಂದು ನನಗೆ ಗಡುವು ಕೊಟ್ಟಿದ್ದಳು. ಬದುಕಲು ಅಷ್ಟು ಹಟ ಹಿಡಿದವರನ್ನು ಆ ವಾರ್ಡಿನಲ್ಲಿ ನಾನು ಕಂಡಿದ್ದು ಕಡಿಮೆ.

ಕೊಡುವವರು ಯಾರು? ನನ್ನ ರಕ್ತದ ಗುಂಪೇ ಬೇರೆ. ಅಮ್ಮನಿಗೆ ಬಿ.ಪಿ. ಅಪ್ಪ ಇಲ್ಲ. ಉಳಿದವನು ಅಣ್ಣ ಒಬ್ಬನೇ. ಶೃಂಗೇರಿಯ ಪೇಟೆಯಲ್ಲಿ ಅವನದು ಹಿಟ್ಟಿನ ಗಿರಣಿ. ನಮ್ಮ ಮೂವರಲ್ಲಿ ದೊಡ್ಡವನು, ಗಟ್ಟಿ ಆಳು, ಮಾತು ಕಡಿಮೆ. ಕರೆಸಿದೆವು, ಬಂದ. ಅವನ ರಕ್ತದ ಗುಂಪು ತಂಗಿಯದೇ.

ನಮ್ಮ ಲ್ಯಾಬಿನಲ್ಲಿ ತಮ್ಮವರ ಪರೀಕ್ಷೆಯನ್ನು ತಾವು ಮಾಡುವಂತಿರಲಿಲ್ಲ. ಹಾಗಾಗಿ ಅಣ್ಣನ ಟ್ಯೂಬನ್ನು ಇನ್ನೊಬ್ಬರು ತೆಗೆದುಕೊಂಡರು. ಆ ಕೋಣೆಗೂ ನನ್ನನ್ನು ಕರೆಯಲಿಲ್ಲ; ಮಾತು ತಿಳಿಸಲು ಬಯಲುಸೀಮೆಯ ಗುಮಾಸ್ತರೊಬ್ಬರನ್ನು ಕೂರಿಸಿಕೊಂಡರು. ಅಣ್ಣ ಹೊರಗೆ ಬಂದವನೇ, "ಮಿಲ್ಲಿನ ಬೆಲ್ಟ್ ಒಂಚೂರು ನೋಡಿ ಬರ್ತೀನಿ" ಎಂದು ಊರಿನ ಬಸ್ ಹತ್ತಿದ. ಕೋಣೆಯಲ್ಲಿ ಏನಾಯಿತೆಂದು ಕೇಳಬಾರದು ಎಂಬುದು ನಿಯಮ. ನಿಯಮ ಪಾಲಿಸುವ ಗುಣವತಿ ನಾನು, ಕೇಳಲಿಲ್ಲ. ಮೂರನೆಯ ದಿನ ವಾಪಸು ಬಂದ. ಅಷ್ಟರಲ್ಲಿ ವರದಿ ತಯಾರಾಗಿತ್ತು. ಪ್ರೊಫೆಸರರು ನಮ್ಮೆಲ್ಲರನ್ನೂ ಒಟ್ಟಿಗೆ ಕೂರಿಸಿ, "ಕೂಡುವುದಿಲ್ಲ" ಎಂದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನೋಡಲಾರದೆ ನಾನೇ ಅವನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಸಿ, ಕಳಿಸಿ ಬಂದೆ.

ಎರಡು ದಿನ ಕಳೆದು ಹಳೆಯ ತಟ್ಟೆಗಳನ್ನು ತೊಳೆಯಲು ತೆಗೆಯುವಾಗ ಆ ತಟ್ಟೆ ಕೈಗೆ ಬಂತು. ಅಂಚಿನಲ್ಲಿ ತಂಗಿಯ ನಂಬರು, ಅಣ್ಣನ ನಂಬರು. ಔಷಧಿ ಹಾಕಿಟ್ಟ ತಟ್ಟೆಯಲ್ಲಿ ಕಣಗಳು ಕೆಲವು ದಿನ ಇದ್ದ ಹಾಗೇ ಇರುತ್ತವೆ. ಮುಟ್ಟಬಾರದಿತ್ತು. ಮುಟ್ಟಿದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಒಂದೊಂದೇ ಗುಳಿ ನೋಡುತ್ತ ಹೋದೆ. ಒಂದು ಕಣವೂ ಸತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಅಂದರೆ ಒಳಗೆ ಕೂತು 'ಬೇಡ' ಅಂದಿದ್ದಾನೆ, ಹೊರಗೆ ಬಂದು ಅಮ್ಮನ ಎದುರು ಅತ್ತಿದ್ದಾನೆ, ನಾನು ಆ ನಾಟಕಕ್ಕೆ ಕಾಫಿ ಕುಡಿಸಿದ್ದೇನೆ! ಆ ಮುತ್ತಿನಕೊಪ್ಪದ ಹುಡುಗಿಯ ನೆನಪು ಬರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ, ಬರಲಿಲ್ಲ. ಬೇರೆಯವರ ಮನೆಯ ಅಣ್ಣಂದಿರ ಮೇಲೆ ನನಗೆ ಸಿಟ್ಟಿರಲಿಲ್ಲ, ಅಷ್ಟೇ. ತಲೆನೋವು ಎಂದು ರಜೆ ಚೀಟಿ ಬರೆದಿಟ್ಟು, ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ದಾರಿಯುದ್ದಕ್ಕೂ ಅವನಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಕೊಪ್ಪದಲ್ಲಿ ಬಸ್ ಬದಲಿಸುವಾಗ ಅಮ್ಮನ ಮನೆ ಅಲ್ಲೇ ಹತ್ತಿರವಿದ್ದರೂ ಆ ಕಡೆ ತಿರುಗಲಿಲ್ಲ.

ಶೃಂಗೇರಿಗೆ ಮುಟ್ಟಿದಾಗ ಬೆಳಿಗ್ಗೆ ಹನ್ನೊಂದರ ಹೊತ್ತು. ಸಂತೆಯ ದಿನ. ಗಿರಣಿಯ ಮುಂದೆ ಅಕ್ಕಿ, ಮೆಣಸಿನಕಾಯಿ, ಕೊತ್ತಂಬರಿ ಹಿಡಿದವರ ಸಾಲು. ಪಕ್ಕದ ಮೆಣಸೆ ಊರಿನಿಂದ ಬಂದ ಹೆಂಗಸರಿದ್ದರು, ಎದುರಿನ ಬಟ್ಟೆ ಅಂಗಡಿಯ ಬ್ಯಾರಿಗಳಿದ್ದರು. ಅಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡು ಮೂಟೆ ಎತ್ತುತ್ತಿದ್ದ. ನನ್ನನ್ನು ನೋಡಿ ನಕ್ಕ. ಆ ನಗು ನೋಡಿಯೇ ನನ್ನ ತಲೆ ಪೂರಾ ಕೆಟ್ಟಿತು.

"ನಿನ್ನ ರಕ್ತ ಕೂಡ್ತದೆ ಅಣ್ಣ!" ಎಂದು ಗಿರಣಿಯ ಸದ್ದಿನ ಮೇಲೆ ಕಿರುಚಿದೆ. "ಕೂಡ್ತದೆ! ನಾನೇ ಕಣ್ಣಾರೆ ನೋಡಿದೀನಿ. ಒಳಗೆ ಹೋಗಿ ಕೊಡಲ್ಲ ಅಂದು, ಹೊರಗೆ ಬಂದು ಅಮ್ಮನ ಮುಂದೆ ಅತ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಅವಳು ಅಲ್ಲಿ ಸಾಯ್ತಿದಾಳೆ, ನೀ ಇಲ್ಲಿ ಹಿಟ್ಟು ಬೀಸ್ತಾ ಕೂತಿದೀಯ!"

ಅವನು ಗಿರಣಿ ನಿಲ್ಲಿಸಿದ. ಬೆಲ್ಟು ಪಟಪಟ ಎನ್ನುತ್ತ ನಿಂತಿತು. ಸದ್ದು ನಿಂತ ಮೇಲೂ ನಾನು ಅದೇ ದನಿಯಲ್ಲಿ ಕಿರುಚುತ್ತಿದ್ದೆ.

"ಎಂತದೇ ನೀ ಹೇಳಾದು?" ಎಂದ ಅಣ್ಣ. "ಡಾಕ್ಟ್ರೇ ಕೂಡಲ್ಲ ಅಂದ್ರಲ್ಲೇ."

"ನಾಟಕ ಸಾಕು!"

"ಎಂತ ನಾಟಕ ಮಾರಾಯ್ತಿ? ಕೊಡ್ತೀಯಾ ಅಂತ ಕೇಳಿದ್ರು. ಮನೇಲೊಂದು ಮಾತು ಕೇಳಿ ಹೇಳ್ತೀನಿ ಅಂದೆ. ಮೂಟೆ ಎತ್ತೋ ಕೆಲ್ಸ, ಒಂದೇ ಕಿಡ್ನೀಲಿ ಆಗ್ತದಾ ಅಂತನೂ ಕೇಳ್ದೆ. ಅಷ್ಟೇಯ. ಬೇಡ ಅಂತ ನಾ ಎಲ್ಲಿ ಅಂದೆ?"

ಗದ್ದಲ ಕೇಳಿ ಅತ್ತಿಗೆ ಹಿಂದಿನ ಮನೆಯಿಂದ ಓಡಿಬಂದರು. ಅವರ ಕಣ್ಣು ಕೆಂಪಾಗಿತ್ತು. "ಹಾದಿಬೀದೀಲಿ ಹಿಂಗಾ ಬೈಯಾದು ನೀನು?" ಎಂದರು. "ಅವರು ಬಸ್ಸಿಳಿದು ಬಂದೋರೇ ನನ್ನ ಕೇಳಿದ್ರು. ಕೊಟ್ಟು ಬನ್ನಿ, ಮೂಟೆ ಎತ್ತಕ್ಕೆ ಆಳು ಇಟ್ರಾಯ್ತು ಅಂದೆ. ಕೊಡ್ತೀನಿ ಅಂತ ಹೇಳಕ್ಕೇ ವಾಪಸ್ ಹೋಗಿದ್ದು. ಇವರು ಬಾಯಿ ತೆಗೆಯೋದ್ರೊಳಗೆ ಕೂಡಲ್ಲ ಅಂದ್ರಂತೆ. ಕೂಡದೇ ಇದ್ಮೇಲೆ ಹೇಳಿ ಎಂತ ಪ್ರಯೋಜನ ಅಂತ ಸುಮ್ನಾದ್ರು."

ಅಣ್ಣ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡ. "ಸುಳ್ಳು ಯಾಕೆ ಹೇಳ್ಲಿ, ಕೂಡಲ್ಲ ಅಂದ್ಮೇಲೆ ಬಸ್ಸಲ್ಲಿ ಕೂತಾಗ ಒಂದು ನಮೂನೆ ಹಗುರಾಯ್ತು ಕಣೆ. ಆಮೇಲೆ ನಂಗೆ ಹಂಗನ್ನಿಸ್ತಲ್ಲ ಅಂತ ಬೇಜಾರೂ ಆಯ್ತು" ಎಂದ.

ಆಗ ನನಗೆ ಅರ್ಥವಾಯಿತು, ಅರ್ಥವಾಗಿ ಇನ್ನಷ್ಟು ಸಿಟ್ಟು ಬಂತು. ನಮ್ಮ ಕಡೆ ಯಾವ ದೊಡ್ಡ ಮಾತಿಗೂ ಕೂತಲ್ಲೇ 'ಹೌದು' ಅನ್ನುವ ಪದ್ಧತಿ ಇಲ್ಲ. ಊಟಕ್ಕೆ ಏಳಿ ಎಂದರೂ ಮೊದಲ ಸಲ 'ಈಗ ಬೇಡ' ಅನ್ನಬೇಕು. ಹೆಣ್ಣು ಕೇಳಲು ಬಂದವರಿಗೆ ಯಜಮಾನ ಅಲ್ಲೇ 'ಆಯ್ತು' ಅಂದುಬಿಟ್ಟರೆ, ಏನೋ ಐಬು ಇರಬೇಕೆಂದು ಬಂದವರೇ ಜಾಗ ಖಾಲಿ ಮಾಡುತ್ತಾರೆ. 'ಮನೇಲೊಂದು ಮಾತು ಕೇಳಿ ಹೇಳ್ತೀನಿ' ಎಂದರೆ ಮುಕ್ಕಾಲು ಪಾಲು ಒಪ್ಪಿಗೆ. ನಾನು ಆ ಕೋಣೆಯಲ್ಲಿ ಇದ್ದಿದ್ದರೆ ಒಂದು ನಿಮಿಷದಲ್ಲಿ ತಿಳಿಸಿ ಹೇಳುತ್ತಿದ್ದೆ. ನನ್ನನ್ನು ಹೊರಗಿಟ್ಟರು. ಆ ಗುಮಾಸ್ತರಿಗೆ ಇದೇನು ಗೊತ್ತು? ಪ್ರೊಫೆಸರರ ಲೆಕ್ಕದಲ್ಲಿ ಅವನು ಹೌದು ಅನ್ನಲಿಲ್ಲ, ಅಲ್ಲಿಗೆ ಮುಗಿಯಿತು. ಅವರನ್ನು ನಾನು ದೇವರು ಅಂದಿದ್ದೆನಲ್ಲ, ಥೂ!

"ನಡಿ, ಈಗಲೇ ನಡಿ" ಎಂದೆ.

ಅಷ್ಟರಲ್ಲಿ ಗಿರಣಿಯ ಮುಂದೆ ಅರ್ಧ ಸಂತೆ ಸೇರಿತ್ತು. ಮೆಣಸೆಯ ಹೆಂಗಸೊಬ್ಬರು ಅಣ್ಣನ ತಲೆ ಸವರಿ, "ಪುಣ್ಯದ ಕೆಲ್ಸ, ಹೋಗಿ ಬಾ ಮಗ" ಎಂದರು. ಬ್ಯಾರಿಗಳು, "ಮಿಲ್ಲಿನ ಚಿಂತೆ ಬಿಡಿ, ಬೀಗದ ಕೈ ಕೊಡಿ, ನಾವು ನೋಡ್ಕೊಳ್ತೇವೆ" ಎಂದರು. ಯಾರೋ ಎಳನೀರು ತಂದುಕೊಟ್ಟರು. ಬಸ್ಸಿನವರೆಗೂ ಜನ ಹಿಂದೆ ಬಂದರು, ಡ್ರೈವರಿಗೆ ಹೇಳಿ ಮುಂದಿನ ಸೀಟು ಕೊಡಿಸಿದರು. ನಾನು ಗೆದ್ದವಳ ಹಾಗೆ ಪಕ್ಕದಲ್ಲಿ ಕೂತಿದ್ದೆ. ಅಣ್ಣ ಕಿಟಕಿಯಿಂದ ಎಲ್ಲರಿಗೂ ಕೈ ಮುಗಿದ.

ಮಾರನೆಯ ದಿನ ಅದೇ ಕೋಣೆ. ಅಣ್ಣ ಒಬ್ಬನೇ ಒಳಗೆ ಹೋದ. ಈ ಸಲ 'ಹೌದು' ಅನ್ನಬೇಕು, ಬೇರೆ ಒಂದು ಮಾತೂ ಸೇರಿಸಬಾರದು ಎಂದು ದಾರಿಯಲ್ಲೇ ಹೇಳಿಕೊಟ್ಟಿದ್ದೆ. ಹಾಗೆಯೇ ಹೇಳಿದನಂತೆ. ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದ, ನನ್ನನ್ನು ಒಳಗೆ ಕರೆದರು.

"ನಿಮ್ಮ ಅಣ್ಣನನ್ನು ಬಸ್ ಹತ್ತಿಸಲು ಯಾರು ಯಾರು ಬಂದಿದ್ದರು?" ಎಂದು ಪ್ರೊಫೆಸರರು ಕೇಳಿದರು. ಅವರ ದನಿ ಏರಿರಲಿಲ್ಲ. "ಅವನೇ ಹೇಳಿದ, ಇಡೀ ಪೇಟೆ ಬಂದಿತ್ತಂತೆ. ಇಡೀ ಪೇಟೆ ಬಸ್ ಹತ್ತಿಸಿದವನು ಈ ಕೋಣೆಯಲ್ಲಿ ಬೇಡ ಎಂದು ಯಾವ ಮುಖ ಹೊತ್ತು ಊರಿಗೆ ಹೋಗುತ್ತಾನೆ? ಅವನ ಈ ಹೌದನ್ನು ನಾನು ತೆಗೆದುಕೊಳ್ಳಲಾರೆ."

"ಅವನು ಮೊದಲೇ ಹೌದು ಅನ್ನಲು ಬಂದಿದ್ದ ಸಾರ್! ನೀವು ಬಾಯಿ ತೆರೆಯಲು ಬಿಡಲಿಲ್ಲ!" ಎಂದು ಕೂಗಿದೆ. ಮೇಜಿನ ಮೇಲಿದ್ದ ಫೈಲು ನೆಲಕ್ಕೆ ಬಿತ್ತು. ಬಿತ್ತು ಎಂದರೆ, ನಾನೇ ಕೆಡವಿದೆ.

ಅವರು ಫೈಲನ್ನು ತಾವೇ ಎತ್ತಿಟ್ಟರು. "ನಿಜ ಇರಬಹುದು" ಎಂದರು. "ಹಾಗಿದ್ದರೆ ಅದು ನನ್ನ ತಪ್ಪು. ಆದರೆ ಈಗ ಅದನ್ನು ತಿಳಿಯುವ ದಾರಿಯೇ ಇಲ್ಲದಂತೆ ಮಾಡಿದ್ದು ನೀವು. ಮೂರು ತಿಂಗಳು ಹೋಗಲಿ. ಊರಿನ ಜನ ಮರೆತ ಮೇಲೆ ಅವನು ಒಬ್ಬನೇ ಬಂದು ಇದೇ ಮಾತು ಹೇಳಿದರೆ ಆಪರೇಷನ್ ಮಾಡುತ್ತೇನೆ."

"ಮೂರು ತಿಂಗಳು ಅವಳು ಉಳಿಯದಿದ್ದರೆ?"

ಅವರು ಗಂಟೆ ಒತ್ತಿ ಮುಂದಿನವರನ್ನು ಕರೆಸಿದರು. ಅವರ ಮೇಲಿನವರಿಗೆ ಅರ್ಜಿ ಬರೆದೆ, ಬೇರೆ ಊರಿನ ಆಸ್ಪತ್ರೆಗೆ ಬರೆದೆ. ಹೊಸದಾಗಿ ಹೆಸರು ಬರೆಸಿದರೆ ಅಲ್ಲಿ ಇನ್ನೂ ಹೆಚ್ಚು ಕಾಯಬೇಕಿತ್ತು. ಅಣ್ಣ ದಿನ ಎಣಿಸುತ್ತ ಶೃಂಗೇರಿಯಲ್ಲಿ ಕೂತ. ಪೇಟೆಯವರು, "ಎಂತ, ಆಯ್ತಾ? ಇನ್ನೂ ಇಲ್ವಾ?" ಎಂದು ದಿನಾ ಕೇಳುತ್ತಿದ್ದರಂತೆ. ಒಬ್ಬರೂ ಮರೆಯಲಿಲ್ಲ.

ಎರಡನೆಯ ತಿಂಗಳು ತಂಗಿಯ ಕೈಯ ಕೊಳವೆಗೆ ಕೀವು ಕಟ್ಟಿತು. ಇನ್ನೊಂದು ಕೈಗೆ ಹಾಕಿದರು, ಅದೂ ನಿಲ್ಲಲಿಲ್ಲ. ನಂಜು ರಕ್ತಕ್ಕೆ ಇಳಿದು ಜ್ವರ ಹಿಡಿಯಿತು. ಈ ಸ್ಥಿತಿಯಲ್ಲಿ ಯಾರ ಕಿಡ್ನಿಯನ್ನೂ ಇಡಲು ಆಗುವುದಿಲ್ಲ ಎಂದು ಪ್ರೊಫೆಸರರೇ ವಾರ್ಡಿಗೆ ಬಂದು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ತಂಗಿ, "ನನ್ನ ಮನೆಗೆ ಕರ್ಕೊಂಡು ಹೋಗಿ" ಎಂದಳು. ಕೊಪ್ಪಕ್ಕೆ ಬೇಡ, ಅಮ್ಮನ ಮನೆಗೆ ಬೇಡ. ನರಸಿಂಹರಾಜಪುರದ ತನ್ನ ಬಾಡಿಗೆ ಮನೆಗೆ. ಕಾರು ಮಾಡಿ ಕರೆದುಕೊಂಡು ಬಂದೆವು. ಅಮ್ಮ ಬಂದಳು, ಅಣ್ಣ ಅತ್ತಿಗೆ ಗಿರಣಿಗೆ ಬೀಗ ಹಾಕಿ ಬಂದರು.

ಮಾರನೆಯ ಬೆಳಿಗ್ಗೆ ನಾನು ಒಬ್ಬಳೇ ಅವಳ ಹತ್ತಿರ ಕೂತಿದ್ದೆ. ಆವತ್ತು ಅವಳಿಗೆ ಎಚ್ಚರ ಚೆನ್ನಾಗಿತ್ತು. ಹೊರಗೆ ಶಾಲೆಗೆ ಹೋಗುವ ಮಕ್ಕಳ ಸದ್ದು ಕೇಳಿಸುತ್ತಿತ್ತು. ನಾನು ಆ ಪ್ರೊಫೆಸರರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರಿಂದಲೇ ಹೀಗಾಯಿತು, ಅವರಿಗೆ ಒಳ್ಳೆಯದಾಗುವುದಿಲ್ಲ, ಹೀಗೆಲ್ಲ. ಅವಳು ತಡೆದಳು.

"ಅಣ್ಣ ನಂಗೆ ಎಲ್ಲ ಹೇಳಿದಾನೆ" ಎಂದಳು. "ಆ ತಟ್ಟೆ ನೋಡ್ದಾಗ ನಾನೆಲ್ಲಿದ್ದೆ ಅಕ್ಕ?"

"ವಾರ್ಡಲ್ಲಿ."

"ಲ್ಯಾಬಿಂದ ವಾರ್ಡಿಗೆ ಎಷ್ಟು ದೂರ? ಮೆಟ್ಟಿಲು ಹತ್ತಿದ್ರೆ ಮುಗೀತು. ನನ್ನ ಹತ್ರ ಬಂದು ಹೇಳ್ಬೋದಿತ್ತು. ನಾನು ಅಣ್ಣಂಗೆ ಒಂದು ಕಾರ್ಡ್ ಹಾಕ್ತಿದ್ದೆ, ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗಿ ಕೇಳು ಅಂತ. ಅವನು ಬಂದು ಕೊಡ್ತಿದ್ದ. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ನಿಂಗೆ ಅಣ್ಣನ್ನ ಬೈಬೇಕಿತ್ತು. ಅದಕ್ಕೆ ಮೆಟ್ಟಿಲು ಹತ್ತದೆ ಬಸ್ ಹತ್ತಿದೆ. ನಂಗೆ ಬದುಕ್ಬೇಕಿತ್ತು ಅಕ್ಕ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ನಾಲ್ಕು ದಿನ ಇದ್ದಳು. ಬಾಯಿ ಒಣಗಿದಾಗ ನಾನು ಲೋಟ ಹಿಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ಅತ್ತಿಗೆಯನ್ನು ಕರೆದು, ಅವರ ಕೈಯಿಂದ ಕುಡಿಯುತ್ತಿದ್ದಳು.